ಸಕ್ಕರೆ ಪರೀಕ್ಷೆಯ ಚೀಟಿ ಏನು ಹೇಳುತ್ತದೆ?



ಜುಮಾ ನಮಾಝಿನ ಬಳಿಕ ಒಬ್ಬರು ಲ್ಯಾಬಿನ ಚೀಟಿ ತೋರಿಸಿದರು. ಖಾಲಿ ಹೊಟ್ಟೆಯಲ್ಲಿ 108, ಗ್ಲೂಕೋಸ್ ಕುಡಿದು ಎರಡು ಗಂಟೆಗೆ 210. “ಹಜರತ್, ಮೊದಲನೆಯದು ಕಡಿಮೆಯೇ ಇದೆ, ಕಾಯಿಲೆ ಇಲ್ಲ ತಾನೇ?” ಎಂದರು. ನಾವು ವೈದ್ಯರಲ್ಲ, ವೈದ್ಯರಿಂದ ಕೇಳಿ ತಿಳಿದದ್ದನ್ನು ಇಲ್ಲಿ ಹೇಳುತ್ತೇವೆ.

ಈ ಪರೀಕ್ಷೆಗೆ ರಾತ್ರಿ ಕನಿಷ್ಠ 8 ಗಂಟೆ ಏನೂ ತಿನ್ನದೆ ಇದ್ದು ಬೆಳಿಗ್ಗೆ ರಕ್ತ ಕೊಡಬೇಕು. ನೀರು ಕುಡಿಯಬಹುದು. ನಂತರ 75 ಗ್ರಾಂ ಗ್ಲೂಕೋಸ್ ಬೆರೆಸಿದ ನೀರು ಕುಡಿದು, ಓಡಾಡದೆ ಕುಳಿತು, ಎರಡು ಗಂಟೆಗೆ ಮತ್ತೆ ರಕ್ತ ಕೊಡಬೇಕು. ನಿಂತ ಎತ್ತಿನ ಬಲ ತಿಳಿಯದು, ಗಾಡಿ ಹೂಡಿದಾಗಲೇ ತಿಳಿಯುವುದು. ಎರಡನೆಯ ಅಂಕಿ ತೋರಿಸುವುದು ಅದನ್ನೇ.

ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಇಲ್ಲವೇ ಎರಡು ಗಂಟೆಗೆ 200 ಅಥವಾ ಹೆಚ್ಚು ಬಂದರೆ ಅದು ಮಧುಮೇಹದ ಅಂಕಿ. ಎರಡರಲ್ಲಿ ಒಂದು ಮೀರಿದರೂ ಕಡೆಗಣಿಸಬಾರದು. ಅತಿ ಬಾಯಾರಿಕೆ, ಪದೇಪದೇ ಮೂತ್ರದಂತಹ ಲಕ್ಷಣಗಳಿಲ್ಲದಿದ್ದರೆ ವೈದ್ಯರು ಇನ್ನೊಂದು ದಿನ ಮತ್ತೆ ಪರೀಕ್ಷಿಸಿ ಖಚಿತಪಡಿಸುತ್ತಾರೆ. ಎರಡು ಗಂಟೆಯ ಅಂಕಿ 140ರಿಂದ 199ರೊಳಗಿದ್ದರೆ ಅದು ಎಚ್ಚರಿಕೆ. ನಡಿಗೆ, ತೂಕ ಇಳಿಕೆ, ಊಟದ ಹಿಡಿತದಿಂದ ಎಷ್ಟೋ ಜನ ಅಲ್ಲಿಂದ ಹಿಂದಿರುಗಿದ್ದಾರೆ.

ಚೀಟಿ ಚೆನ್ನಾಗಿ ಬರಲೆಂದು ಕೆಲವರು ಮೂರು ದಿನ ಮೊದಲೇ ರೊಟ್ಟಿ, ಅನ್ನ ಬಿಡುತ್ತಾರೆ. ಇದರಿಂದ ಅಂಕಿ ತಪ್ಪಾಗಿ ಹೆಚ್ಚೇ ಬರಬಹುದು. ಎಂದಿನಂತೆ ಉಣ್ಣಿರಿ. ನಮ್ಮ ಜೋಳದ ರೊಟ್ಟಿ ಉಂಡವರಿಗೆ ಈ ಕಾಯಿಲೆ ಬಾರದೆಂಬುದೂ ಸರಿಯಲ್ಲ, ಅದರಲ್ಲಿಯೂ ಪಿಷ್ಟವಿದೆ.

ಗರ್ಭಿಣಿಯರ ಲೆಕ್ಕ ಬೇರೆ. ಸರಕಾರದ ಕ್ರಮದಂತೆ ಮೊದಲ ಭೇಟಿಯಲ್ಲಿ, ಮತ್ತೆ 24ರಿಂದ 28ನೇ ವಾರದೊಳಗೆ, ಉಂಡಿರಲಿ ಬಿಡಲಿ 75 ಗ್ರಾಂ ಗ್ಲೂಕೋಸ್ ಕೊಡುತ್ತಾರೆ. ಎರಡು ಗಂಟೆಗೆ 140 ಬಂದರೂ ಚಿಕಿತ್ಸೆ ಬೇಕು. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷೆಯಾಗಬೇಕು. ಅತ್ತೆ-ಮಾವಂದಿರೇ, ಇದು ಸೊಸೆಯ ತಪ್ಪಲ್ಲ. ಅವಳು ಚೀಟಿ ಬಚ್ಚಿಡುವಂತೆ ಮಾಡಬೇಡಿರಿ.

ರಕ್ತ ಕೊಟ್ಟರೆ ರೋಝಾ ಮುರಿಯದು, ಗ್ಲೂಕೋಸ್ ಕುಡಿದರೆ ಮುರಿಯುತ್ತದೆ. ಆದ್ದರಿಂದ ರಮಝಾನ್‌ಗೆ ಮೊದಲೇ ಪರೀಕ್ಷೆ ಮುಗಿಸಿ, ಉಪವಾಸದ ಬಗ್ಗೆ ವೈದ್ಯರನ್ನು ಕೇಳಿರಿ. ರೋಗಿಗೆ ಅಲ್ಲಾಹನು ಸೂರಃ ಅಲ್ ಬಕರದಲ್ಲಿ ರಿಯಾಯಿತಿ ಕೊಟ್ಟಿದ್ದಾನೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸಹೋದರರೇ, 30 ದಾಟಿದವರು ಸರಕಾರಿ ಆಸ್ಪತ್ರೆಯಲ್ಲಿ ಸಕ್ಕರೆ ತಪಾಸಣೆ ಮಾಡಿಸಿಕೊಳ್ಳಿರಿ. ದೇಹವು ಅಲ್ಲಾಹನ ಅಮಾನತ್. ಆ ಸಹೋದರರಿಗೂ ನಾವು ಇಷ್ಟೇ ಹೇಳಿದೆವು: ದುಆ ನಾವು ಮಾಡುತ್ತೇವೆ, ಚೀಟಿಯನ್ನು ಇಂದೇ ವೈದ್ಯರಿಗೆ ತೋರಿಸಿರಿ.