ಹೆದರಿಕೆಗೆ ನೆತ್ತರು ಬೇಕೆ?

ದೆವ್ವದ ಸಿನಿಮಾದಲ್ಲಿ ರಕ್ತ ಹರಿದಾಗ ನೋಡುವವರ ಮೈಯಲ್ಲಿ ಎರಡು ಭಾವಗಳು ಏಳುತ್ತವೆ: ಒಂದು ಹೆದರಿಕೆ, ಇನ್ನೊಂದು ಹೇಸಿಗೆ. ಎರಡೂ ಜೊತೆಜೊತೆಗೆ ಬರುವುದರಿಂದ ಒಂದೇ ಎಂಬಂತೆ ತೋರುತ್ತವೆ. ಭರತನ ನಾಟ್ಯಶಾಸ್ತ್ರ ಮಾತ್ರ ಇವನ್ನು ಬೆರೆಸಲಿಲ್ಲ. ಭಯ ಸ್ಥಾಯಿ (ನೆಲೆನಿಂತ ಭಾವ) ಆದರೆ ಭಯಾನಕ ರಸ, ಜುಗುಪ್ಸೆ ಸ್ಥಾಯಿಯಾದರೆ ಬೀಭತ್ಸ ರಸ ಎಂದು ಬೇರೆ ಮಾಡಿಟ್ಟಿತು. ಈಗಿನ ಮನೋವಿಜ್ಞಾನ ದೇಹವನ್ನು ಅಳೆದು ನೋಡಿ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಂತಿದೆ.

ಹೆದರಿದವರ ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಕಣ್ಣು ಅಗಲವಾಗುತ್ತದೆ. ಹೇಸಿದವರಿಗೆ ಮೂಗು ಸುಕ್ಕುಗಟ್ಟುತ್ತದೆ, ಕಣ್ಣು ಕಿರಿದಾಗುತ್ತದೆ, ಹೊಟ್ಟೆ ತೊಳಸುತ್ತದೆ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಈ ಮುಖಭಾವಗಳನ್ನೇ ಪರೀಕ್ಷಿಸಿದರು. ಹೆದರಿದ ಮುಖ ಮಾಡಿದವರ ನೋಟದ ಹರವು ಹಿಗ್ಗಿತು, ಮೂಗಿನಲ್ಲಿ ಹೆಚ್ಚು ಗಾಳಿ ಹೊಕ್ಕಿತು. ಹೇಸಿದ ಮುಖದಲ್ಲಿ ಎರಡೂ ಕುಗ್ಗಿದವು. ಎದುರಾಗಲಿರುವ ಅಪಾಯದ ಸುಳಿವು ಹಿಡಿಯಲು ಹೆದರಿಕೆ ಇಂದ್ರಿಯಗಳನ್ನು ತೆರೆಯುತ್ತದೆ; ಕೊಳೆತದ್ದು, ರೋಗ ತರುವಂಥದ್ದು ಒಳಗೆ ಬಾರದಿರಲಿ ಎಂದು ಹೇಸಿಗೆ ಅವನ್ನು ಮುಚ್ಚುತ್ತದೆ.

ಮಂಡ್ಯ ಜಿಲ್ಲೆಯ ಬೆಳಕವಾಡಿ ಸೀಮೆಯಲ್ಲಿ ಹಾಡಾಗಿ ಉಳಿದುಬಂದಿರುವ ಕಥೆಯೊಂದು ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಬೆಳಕವಾಡಿಯಿರುವ ಮಳವಳ್ಳಿ ತಾಲ್ಲೂಕಿನದೇ ಆದ ಬೊಪ್ಪೇಗೌಡನಪುರ ಜನಪದ ಸಂತ ಮಂಟೇಸ್ವಾಮಿಯವರ ನೆಲೆ. ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ, ಕಲ್ಯಾಣದ ಶರಣರನ್ನು ಪರೀಕ್ಷಿಸಲು ಅವರು ಕುಷ್ಠರೋಗಿಯ ರೂಪ ತಳೆದು, ಕೀವು ಸೋರುವ ಮೈಗೆ ನೊಣ ಮುತ್ತಿಸಿಕೊಂಡು ಬರುತ್ತಾರೆ. ಬಾಗಿಲಲ್ಲೇ ಅವರನ್ನು ತಡೆಯುತ್ತಾರೆ. ಬಂದವರು ತಮ್ಮನ್ನು ಏನು ಮಾಡಿಬಿಡುತ್ತಾರೋ ಎಂದು ಅಲ್ಲಿ ಯಾರೂ ನಡುಗುವುದಿಲ್ಲ. ಹತ್ತಿರ ಬಾರದೆ ಇದ್ದರೆ ಸಾಕು ಎಂದುಕೊಳ್ಳುತ್ತಾರೆ. ಇದು ಅಪ್ಪಟ ಬೀಭತ್ಸ, ಭಯಾನಕದ ಸೋಂಕೂ ಇಲ್ಲ.

ಹಾಗೆಯೇ ರಕ್ತ ಕಂಡಾಗಲೆಲ್ಲ ಹೆದರಿಕೆ ಹುಟ್ಟುವುದೂ ಇಲ್ಲ. ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ಆಡುವ ಕುರುಕ್ಷೇತ್ರ ನಾಟಕದಲ್ಲಿ ದುಶ್ಶಾಸನನ ವಧೆಗಿಂತ ಘೋರವಾದ ಪ್ರಸಂಗ ಹುಡುಕುವುದು ಕಷ್ಟ. ಆದರೂ ಅದಕ್ಕೆ ಯಾರೂ ಬೆಚ್ಚುವುದಿಲ್ಲ. ಸಾಯುವವನು ಯಾರು, ಕೊಲ್ಲುವವನು ಯಾರು ಎಂಬುದು ಕೂತವರಿಗೆಲ್ಲ ಮೊದಲೇ ಗೊತ್ತು. ದ್ರೌಪದಿಯ ಸೇಡು ತೀರಲಿ ಎಂದೇ ಅವರೂ ಕಾದಿರುತ್ತಾರೆ. ಅಲ್ಲಿ ನೆತ್ತರು ರೌದ್ರಕ್ಕೆ ಸಲ್ಲುತ್ತದೆ.

ಭಯ ನಿಜವಾಗಿ ಬೆಳೆಯುವುದು ಮುಂದೇನಾಗುತ್ತದೋ ತಿಳಿಯದಿರುವ ಜಾಗದಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 45 ಮಂದಿ ಕಂಪ್ಯೂಟರ್ ಪರದೆಯ ಮೇಲಿನ ಕಲ್ಲುಗಳನ್ನು ಎತ್ತಿ ನೋಡಬೇಕಿತ್ತು. ಕೆಳಗೆ ಹಾವಿದ್ದರೆ ಕೈಗೆ ನೋವಾಗುವಷ್ಟು ಕರೆಂಟ್ ಹೊಡೆಯುತ್ತಿತ್ತು. ಬೆವರು ಮತ್ತು ಕಣ್ಣಿನ ಪಾಪೆಯ ಹಿಗ್ಗುವಿಕೆಯನ್ನು ಅಳೆದಾಗ, ಶಾಕ್ ಹೊಡೆದೇ ಹೊಡೆಯುತ್ತದೆ ಎಂದು ಗೊತ್ತಿದ್ದಾಗಿನದಕ್ಕಿಂತ, ಹೊಡೆಯುವ ಸಾಧ್ಯತೆ ಅರ್ಧಕ್ಕರ್ಧ ಇದ್ದಾಗಲೇ ಒತ್ತಡ ಅತಿ ಹೆಚ್ಚಾಗಿತ್ತು. ಸಿನಿಮಾದಲ್ಲಿ ಕತ್ತು ಸೀಳಿದ ಕ್ಷಣ ಈ ಅನಿಶ್ಚಯ ಮುಗಿದುಹೋಗುತ್ತದೆ. ಆಗಬೇಕಾದ್ದು ಆಗಿಹೋಯಿತು, ಇನ್ನು ಉಳಿಯುವುದು ಹೇಸಿಗೆ, ಇಲ್ಲವೇ ಮರುಕ.

1990ರ ದಶಕದಲ್ಲಿ ಬೆಂಗಳೂರಿನಲ್ಲೂ ರಾಜ್ಯದ ಅನೇಕ ಹಳ್ಳಿಗಳಲ್ಲೂ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತ್ತು. ರಾತ್ರಿ ದೆವ್ವವೊಂದು ಬಂದು, ಗುರುತಿನವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದವರು ಸಾಯುತ್ತಾರೆ, ಈ ಬರಹ ಓದಿದರೆ ತಿರುಗಿ ಹೋಗುತ್ತದೆ ಎಂಬುದು ಸುದ್ದಿ. ಅದರಲ್ಲಿ ಗಾಯವಿಲ್ಲ, ಹೆಣವಿಲ್ಲ, ದೆವ್ವದ ಮುಖವೂ ಇಲ್ಲ. ಕರೆದದ್ದು ಯಾರೆಂದು ಒಳಗಿರುವವರಿಗೆ ತಿಳಿಯುವುದಿಲ್ಲ ಎಂಬ ಒಂದೇ ಸಂಗತಿ ಊರೂರನ್ನೇ ಹೆದರಿಸಲು ಸಾಕಾಯಿತು. ಕನ್ನಡ ಚಿತ್ರರಂಗದ ಹೆಸರಾಂತ ಭಯದ ಚಿತ್ರವೊಂದು ನಡೆದಿರುವುದೂ ಇದೇ ದಾರಿಯಲ್ಲಿ. ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ (2004) ಜನರನ್ನು ಹಿಡಿದಿಟ್ಟದ್ದು ಬೀಗ ಹಾಕಿದ ಕೋಣೆ, ಗೆಜ್ಜೆಯ ಸದ್ದು ಮತ್ತು ನಾಗವಲ್ಲಿಯಾದ ಸೌಂದರ್ಯ ಅವರ ಕಣ್ಣುಗಳಿಂದ. ರಕ್ತ ಅಲ್ಲಿ ಲೆಕ್ಕಕ್ಕೇ ಇಲ್ಲ.

ಹಾಗೆಂದು ನೆತ್ತರಿಗೆ ಬೆಲೆಯೇ ಇಲ್ಲವೆಂದಲ್ಲ. ಬೆದರಿಕೆ ಸುಳ್ಳಲ್ಲ ಎಂಬುದಕ್ಕೆ ಅದು ಸಾಕ್ಷಿ ಒದಗಿಸಬಲ್ಲದು. ಶ್ರೀನಿವಾಸ ರಾಜು ನಿರ್ದೇಶನದ ‘ದಂಡುಪಾಳ್ಯ’ (2012) ನಿಜವಾದ ಕೊಲೆಗಡುಕರ ತಂಡವೊಂದನ್ನು ಆಧರಿಸಿದ ಚಿತ್ರ, ಕ್ರೌರ್ಯವನ್ನು ಮರೆಮಾಚದೆ ತೋರಿಸಿತು. ಆದರೆ ಮನೆಗೆ ಮರಳಿದ ಮೇಲೂ ಬೆನ್ನುಬಿಡದಂಥದ್ದು, ಹಾಡಹಗಲಲ್ಲಿ ಬಾಗಿಲು ತಟ್ಟಿ ಕುಡಿಯಲು ನೀರು ಕೇಳುವ ಅಪರಿಚಿತರ ಚಿತ್ರ. ಒಳಗೆ ನಡೆಯುವುದನ್ನು ಒಮ್ಮೆ ಕಂಡವರಿಗೆ ಆ ಮಾಮೂಲಿ ಮಾತೇ ಭಯ ಹುಟ್ಟಿಸುತ್ತದೆ. ಆಲ್‌ಫ್ರೆಡ್ ಹಿಚ್‌ಕಾಕ್ 1960ರ ‘ಸೈಕೋ’ದಲ್ಲಿ ಇದನ್ನು ಅಳೆದು ತೂಗಿ ಮಾಡಿದ್ದರು. ಕಪ್ಪುಬಿಳುಪಿನಲ್ಲಿ ತೆಗೆದ ಸ್ನಾನದ ಮನೆಯ ಕೊಲೆಯಲ್ಲಿ ರಕ್ತವೆಂದು ಹರಿದದ್ದು ಚಾಕೊಲೇಟ್ ಪಾಕ. ಇಡೀ ಚಿತ್ರದಲ್ಲಿ ಕಣ್ಣೆದುರು ನಡೆಯುವುದು ಎರಡೇ ಕೊಲೆ; ಮೊದಲನೆಯದನ್ನು ಕಂಡವರಿಗೆ ಆಮೇಲೆ ಪ್ರತಿ ಬಾಗಿಲೂ, ಪ್ರತಿ ಮೆಟ್ಟಿಲೂ ಅಪಾಯವೇ. ಮೊದಲಲ್ಲಿ, ಅಳತೆ ಮೀರದೆ ಬಂದ ರಕ್ತ ಮುಂದಿನ ಭಯವನ್ನು ಹೆಚ್ಚಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಅಳತೆ ಮೀರಿದರೆ ಮನಸ್ಸು ಒಗ್ಗಿಕೊಳ್ಳುತ್ತದೆ. ಡೇನಿಯಲ್ ಲಿಂಝ್, ಎಡ್ವರ್ಡ್ ಡಾನರ್‌ಸ್ಟೀನ್ ಮತ್ತು ಸ್ಟೀವನ್ ಪೆನ್ರಾಡ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಂಗಸರ ಮೇಲಿನ ಹಿಂಸೆ ತುಂಬಿದ ಚಿತ್ರಗಳನ್ನು ದಿನಕ್ಕೊಂದರಂತೆ ಐದು ದಿನ ನೋಡಿದ ಯುವಕರ ತಳಮಳ ದಿನೇದಿನೇ ತಗ್ಗಿತು. ಕೊನೆಯ ಹೊತ್ತಿಗೆ ಅದೇ ಬಗೆಯ ಚಿತ್ರ ಅವರಿಗೆ ಅಷ್ಟೇನೂ ಹಿಂಸಾತ್ಮಕ ಎನಿಸಲಿಲ್ಲ. ಸಿನಿಮಾ ಸಪ್ಪೆಯಾಯಿತೆಂಬುದು ಇಲ್ಲಿ ಸಣ್ಣ ನಷ್ಟ. ಏಟು ತಿಂದವರ ಬಗೆಗಿನ ಮರುಕವೂ ಮೊಂಡಾಗುತ್ತದೆಂಬುದೇ ದೊಡ್ಡ ಚಿಂತೆ.

ರಕ್ತ ಕಂಡರೇ ಆಗದವರದು ಬೇರೆಯೇ ಸ್ಥಿತಿ. ನೂರರಲ್ಲಿ ಮೂರ್ನಾಲ್ಕು ಜನರಿಗೆ ರಕ್ತ, ಗಾಯ, ಸೂಜಿಗಳ ಭಯ ಕಾಯಿಲೆಯ ಮಟ್ಟಕ್ಕಿರುತ್ತದೆ. ಎಷ್ಟೋ ವೇಳೆ ಒಂದೇ ಮನೆತನದಲ್ಲಿ ಹಲವರಿಗೆ ಇರುತ್ತದೆ. ಅವರಲ್ಲಿ ಎದೆಬಡಿತ ಮೊದಲು ಏರಿ, ಆಮೇಲೆ ರಕ್ತದೊತ್ತಡದ ಜೊತೆಗೆ ಧುತ್ತನೆ ಇಳಿದು ತಲೆ ಸುತ್ತುತ್ತದೆ, ಕೆಲವರು ಎಚ್ಚರ ತಪ್ಪುತ್ತಾರೆ. ಕೈಕಾಲು, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು ರಕ್ತದೊತ್ತಡ ಬೀಳದಂತೆ ನೋಡಿಕೊಳ್ಳುವ ಅಭ್ಯಾಸವನ್ನು ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್-ಗೊರಾನ್ ಓಸ್ಟ್ ರೂಪಿಸಿದರು. ಅದು ಇವರಿಗೆ ಚೆನ್ನಾಗಿ ನೆರವಾಗುತ್ತದೆ.

ವಯಸ್ಸೂ ಇಲ್ಲಿ ಮುಖ್ಯ. ಅಮೆರಿಕದ ಸಂಶೋಧಕಿ ಜೋಆನ್ ಕ್ಯಾಂಟರ್ ಅವರ ಅಧ್ಯಯನಗಳ ಪ್ರಕಾರ, ಶಾಲೆಗೆ ಹೋಗುವ ಮುಂಚಿನ ಮಕ್ಕಳನ್ನು ಹೆದರಿಸುವುದು ಕಣ್ಣಿಗೆ ಬಿದ್ದ ವಿಕಾರ ರೂಪ. ಒಳ್ಳೆಯ ಪಾತ್ರವಾದರೂ ಸರಿ, ರೂಪ ಘೋರವಾಗಿದ್ದರೆ ಅಳುತ್ತಾರೆ. ಹತ್ತು ವರ್ಷ ದಾಟುವ ಹೊತ್ತಿಗೆ, ಹೀಗೆ ನಿಜಕ್ಕೂ ಆಗಬಹುದೇ ಎಂಬ ಯೋಚನೆ ರೂಪಕ್ಕಿಂತ ಹೆಚ್ಚು ಕಾಡುತ್ತದೆ. ಆದ್ದರಿಂದ ಎಳೆಯ ಮಕ್ಕಳಿಗೆ, ‘ಅದು ಬರೀ ಬಣ್ಣ’ ಎಂಬ ಸಮಾಧಾನ ಅಷ್ಟಾಗಿ ತಟ್ಟುವುದಿಲ್ಲ. ಪರದೆ ಆರಿಸಿ ಪಕ್ಕದಲ್ಲಿ ಕೂರಿಸಿಕೊಳ್ಳುವುದು ತಟ್ಟುತ್ತದೆ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿಯ ನಂತರ ಭಾರತದಲ್ಲಿ ಚಿತ್ರಗಳ ಯುಎ (ಮಕ್ಕಳಿಗೆ ಪೋಷಕರ ಮಾರ್ಗದರ್ಶನ ಬೇಕಾದ) ಪ್ರಮಾಣಪತ್ರವನ್ನು 7, 13 ಮತ್ತು 16 ವರ್ಷಗಳ ಮೂರು ಹಂತಗಳಾಗಿ ಒಡೆದಿರುವುದಕ್ಕೆ ವಯಸ್ಸಿನ ಈ ವ್ಯತ್ಯಾಸಗಳೇ ಸಮರ್ಥನೆ.