ರೋಮನ್ ಸೈನಿಕನ ಅಂಗಿಯ ಬಣ್ಣ: ಸೈನಿಕ ಬೊಂಬೆಗಳ ನಿಮಿತ್ತ ಒಂದು ವಿಚಾರ

ಲೋಹದಲ್ಲಿ ಎರಕ ಹೊಯ್ದು ಬಣ್ಣ ಬಳಿದ ಸೈನಿಕ ಬೊಂಬೆಗಳನ್ನು ಸಂಗ್ರಹಿಸುವ ಹವ್ಯಾಸವು ಯುರೋಪಿನಲ್ಲಿ ಬಹುಕಾಲದಿಂದ ಬಂದದ್ದು. 1893ರಲ್ಲಿ ಇಂಗ್ಲೆಂಡಿನ ಬ್ರಿಟನ್ಸ್ ಸಂಸ್ಥೆಯು ಟೊಳ್ಳು ಎರಕದ ವಿಧಾನವನ್ನು ಬಳಕೆಗೆ ತಂದ ಮೇಲೆ ಅವು ಅಗ್ಗವಾಗಿ ದೊರೆಯತೊಡಗಿದವು. ರೋಮನ್ ಸೈನಿಕನ ಬೊಂಬೆಯು ಈಗ ಸಂಗ್ರಾಹಕನ ಕಪಾಟಿನಲ್ಲಿ ಮಾತ್ರವಲ್ಲದೆ ಪಾಠದ ಕೊಠಡಿಯ ಮೇಜಿನ ಮೇಲೂ ಸ್ಥಾನ ಪಡೆಯುತ್ತದೆ. ಅದರ ಅಂಗಿ ಬಹುಮಟ್ಟಿಗೆ ಕೆಂಪು. ಈ ಕೆಂಪಿಗೆ ಆಧಾರವೇನು ಎಂಬುದು ಪ್ರಕೃತ ಲೇಖನದ ವಿಷಯ. ಇತಿಹಾಸವನ್ನು ಬರೆಯುವವನು 'ಬಹುಶಃ' ಎಂಬ ಮಾತನ್ನು ಸೇರಿಸಬಲ್ಲನು. ಬೊಂಬೆಗೆ ಬಣ್ಣ ಬಳಿಯುವವನಿಗೆ ಆ ಸೌಕರ್ಯವಿಲ್ಲ. ಒಮ್ಮೆ ಬಳಿದ ಬಣ್ಣವು ವಿದ್ಯಾರ್ಥಿಯ ಮನಸ್ಸಿನಲ್ಲಿ ಪ್ರಮಾಣವಾಗಿ ನಿಲ್ಲುತ್ತದೆ.

ಮೊದಲು ಒಂದು ಭ್ರಮೆಯನ್ನು ಬಿಡಬೇಕು. ಇಡೀ ಸೈನ್ಯಕ್ಕೆ ಒಂದೇ ಬಣ್ಣದ ಉಡುಪೆಂಬ ಕಲ್ಪನೆಯು ಯುರೋಪಿನಲ್ಲಿ 17ನೆಯ ಶತಮಾನದಿಂದೀಚೆಗೆ ಬೆಳೆದದ್ದು. ರೋಮನ್ ಸೈನಿಕನ ಬಟ್ಟೆಯ ಬೆಲೆಯನ್ನು ಅವನ ವೇತನದಿಂದಲೇ ಮುರಿದುಕೊಳ್ಳುತ್ತಿದ್ದರು. ಕ್ರಿ. ಶ. 14ರಲ್ಲಿ ದಂಗೆಯೆದ್ದ ಸೈನಿಕರ ದೂರುಗಳಲ್ಲಿ ಇದೂ ಒಂದಾಗಿತ್ತೆಂದು ಟ್ಯಾಸಿಟಸ್ ಹೇಳುತ್ತಾನೆ. 2ನೆಯ ಶತಮಾನದ ಆರಂಭದಲ್ಲಿ ಕ್ಲಾಡಿಯಸ್ ಟೆರೆಂಟಿಯಾನಸ್ ಎಂಬ ಸೈನಿಕನು ಈಜಿಪ್ತಿನ ಕರಾನಿಸ್ ಊರಿಗೆ ಬರೆದ ಪತ್ರದಲ್ಲಿ ಕತ್ತಿ ಈಟಿಗಳ ಜೊತೆಗೆ ಮೇಲುಹೊದಿಕೆ, ಅಂಗಿ, ಷರಾಯಿಗಳನ್ನೂ ಮನೆಯಿಂದ ಕಳುಹಿಸುವಂತೆ ಕೇಳುತ್ತಾನೆ. ಬಟ್ಟೆಯು ಹೀಗೆ ಹಲವು ಕಡೆಗಳಿಂದ ಬರುತ್ತಿದ್ದಾಗ ಸಾಲಿನಲ್ಲಿ ನಿಂತ ಎಲ್ಲರ ಅಂಗಿಗಳೂ ಒಂದೇ ಛಾಯೆಯವಾಗಿದ್ದುವೆಂದು ನಂಬುವುದು ಕಷ್ಟ.

ಇನ್ನು ಆಧಾರಗಳನ್ನು ನೋಡೋಣ. 113ರಲ್ಲಿ ಪೂರ್ಣಗೊಂಡ ಟ್ರಾಜನನ ಸ್ತಂಭವು ಉಡುಪಿನ ಆಕಾರವನ್ನು ತಿಳಿಯಲು ಅಮೂಲ್ಯವಾದದ್ದು. ಬಣ್ಣದ ವಿಷಯದಲ್ಲಿ ಮಾತ್ರ ಆ ಬರಿಯ ಕಲ್ಲು ನೆರವಾಗದು. ಇದಕ್ಕಿಂತ ನೇರವಾದ ಸಾಕ್ಷ್ಯವು ಈಜಿಪ್ತಿನ ಪಪೈರಸ್ ಪತ್ರಗಳಲ್ಲಿದೆ. 138ರ ಒಂದು ಪತ್ರದ ಪ್ರಕಾರ ಫಿಲಡೆಲ್ಫಿಯದ ನೇಕಾರರಿಗೆ ಕಪ್ಪಡೋಶಿಯದ ಸೈನ್ಯಕ್ಕಾಗಿ ಬಟ್ಟೆ ನೇಯಲು ಮುಂಗಡ ಹಣ ಕೊಡಲಾಯಿತು. ಅದರಲ್ಲಿ ಮೂರೂವರೆ ಮೊಳ ಉದ್ದದ ಒಂದು ಅಂಗಿಯ ಬೆಲೆ 24 ದ್ರಾಕ್ಮ. ಬಣ್ಣ ಬಿಳಿಯೆಂದು ಸ್ಪಷ್ಟವಾಗಿ ನಮೂದಾಗಿದೆ. ಕಛೇರಿಯ ಲೆಕ್ಕದ ಕಾಗದಕ್ಕೆ ಅಲಂಕಾರದ ಉದ್ದೇಶವಿರುವುದಿಲ್ಲವಾದ್ದರಿಂದ ಇದರ ಬೆಲೆ ಹೆಚ್ಚು.

ಸಿರಿಯದ ದೂರಾ-ಯುರೋಪಸ್ ಎಂಬಲ್ಲಿ 1920ರಲ್ಲಿ ಬ್ರಿಟಿಷ್ ಸೈನ್ಯವು ಕಂದಕ ತೋಡುತ್ತಿದ್ದಾಗ ಗೋಡೆಯ ವರ್ಣಚಿತ್ರಗಳು ಬೆಳಕಿಗೆ ಬಂದುವು. ಅಲ್ಲಿಯ ದೇವಾಲಯದ ಒಂದು ಚಿತ್ರದಲ್ಲಿ ಜೂಲಿಯಸ್ ಟೆರೆಂಟಿಯಸ್ ಎಂಬ ಅಧಿಕಾರಿಯು ತನ್ನ ಸೈನಿಕರೊಡನೆ ದೇವತೆಗಳಿಗೆ ಧೂಪವನ್ನು ಅರ್ಪಿಸುತ್ತಿದ್ದಾನೆ. 3ನೆಯ ಶತಮಾನದ ಈ ಚಿತ್ರದ ಅಂಗಿಗಳು ಬಿಳಿ. ಅವಕ್ಕೆ ನೇರಿಳೆ ಪಟ್ಟಿಗಳಿವೆ. ಆದರೆ ಇದು ಪೂಜೆಯ ಸಂದರ್ಭ. ಹಬ್ಬದ ಉಡುಪೇ ಕಾಳಗದ ಉಡುಪೂ ಆಗಿತ್ತೆಂದು ಇದೊಂದರಿಂದಲೇ ಸಿದ್ಧವಾಗದು. 69ರಲ್ಲಿ ವಿಟೆಲ್ಲಿಯಸನು ರೋಮ್ ನಗರವನ್ನು ಪ್ರವೇಶಿಸಿದಾಗ ಹದ್ದಿನ ಧ್ವಜಗಳ ಮುಂದೆ ನಡೆದ ಅಧಿಕಾರಿಗಳು ಬಿಳಿಯ ಉಡುಪಿನಲ್ಲಿದ್ದರೆಂಬ ಟ್ಯಾಸಿಟಸನ ಹೇಳಿಕೆಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಹಾಗಾದರೆ ಕೆಂಪು ನಿರಾಧಾರವೆ? ಹಾಗೆನ್ನಲಾಗದು. ಕೆಂಪು ಉಣ್ಣೆಯ ಹೊದಿಕೆಯು ಬಾಲಕರಿಗೂ ಸೈನಿಕರಿಗೂ ಪ್ರಿಯವೆಂಬ ಅರ್ಥದ ಮಾತು 1ನೆಯ ಶತಮಾನದ ಕವಿ ಮಾರ್ಷಲನಲ್ಲಿದೆ; ಆದರೆ ಅದು ಹೊದಿಕೆಯ ಮಾತು, ಅಂಗಿಯದಲ್ಲ. ಸೈನಿಕರ ಕೆಂಪು ಅಂಗಿಗಳ ಉಲ್ಲೇಖವು 'ಹಿಸ್ಟೋರಿಯಾ ಆಗಸ್ಟಾ'ದಲ್ಲಿ ದೊರೆಯುತ್ತದೆ; ಆ ಗ್ರಂಥದಲ್ಲಿ ಕಲ್ಪಿತ ಪತ್ರಗಳು ಹೇರಳವಾಗಿರುವುದರಿಂದ ಅದರ ಸಾಕ್ಷ್ಯ ದುರ್ಬಲ. ಸ್ಪಾರ್ಟನ್ನರು ರಕ್ತದ ಕಲೆ ಕಾಣದಿರಲೆಂದು ಕೆಂಪನ್ನುಟ್ಟರು, ಕಾನ್ಸಲರ ಆಳಿಕೆಯ ಕಾಲದ ರೋಮನ್ ಸೈನಿಕರೂ ಅದನ್ನೇ ಉಟ್ಟರು ಎಂದು ಹೇಳುವ ಸೆವಿಲ್ಲಿನ ಇಸಿದೋರನು 636ರಲ್ಲಿ ತೀರಿಕೊಂಡವನು. ಅವನು ವರ್ಣಿಸುವ ಕಾಲಕ್ಕೂ ಅವನಿಗೂ ಆರು ಶತಮಾನಗಳಿಗಿಂತ ಹೆಚ್ಚಿನ ಅಂತರವಿದೆ. ಕೆಂಪನ್ನು ಪೂರ್ಣವಾಗಿ ತಳ್ಳಿಹಾಕುವಂತಿಲ್ಲ. ಅದೊಂದೇ ಬಣ್ಣವೆನ್ನಲೂ ಆಗದು.

ಬಣ್ಣದ ಮೂಲವಸ್ತುಗಳೂ ಒಂದು ಮಿತಿಯನ್ನು ಹಾಕುತ್ತವೆ. ಅಗ್ಗದ ಕೆಂಪು ದೊರೆಯುತ್ತಿದ್ದುದು ಮಂಜಿಷ್ಠದ ಬೇರಿನಿಂದ. ನಮ್ಮ ವೈದ್ಯರೂ ಬಣ್ಣಗಾರರೂ ಬಲ್ಲ ಮಂಜಿಷ್ಠವು ಯುರೋಪಿನ ಆ ಗಿಡದ ಹತ್ತಿರದ ಬಳಗದ್ದು. ಅದು ಉಣ್ಣೆಗೆ ಇಟ್ಟಿಗೆಯ ಅಥವಾ ಕಿತ್ತಳೆ ಬೆರೆತ ಕೆಂಪನ್ನು ಕೊಡುತ್ತದೆ. ಬಿಸಿಲಿನಲ್ಲಿ, ಒಗೆತದಲ್ಲಿ ಮಾಸುತ್ತದೆ. ಸಮುದ್ರದ ಬಸವನ ಹುಳುವಿನಿಂದ ತೆಗೆದ ನಿಜವಾದ ನೇರಿಳೆಯು ಬೇರೆಯೇ ಅಂತಸ್ತಿನದು: 301ರ ಡಯೋಕ್ಲೀಷಿಯನನ ಬೆಲೆಯ ಶಾಸನದಲ್ಲಿ ನೇರಿಳೆ ಉಣ್ಣೆಯ ಗರಿಷ್ಠ ಬೆಲೆ ಒಂದು ಪೌಂಡಿಗೆ 50,000 ದಿನಾರಿ. ಇದು ಸಾಮಾನ್ಯ ಸೈನಿಕನಿಗೆ ಎಟುಕುವಂಥದಲ್ಲ.

ಇಷ್ಟರಿಂದ ಬೊಂಬೆಗೆ ಬಣ್ಣ ಬಳಿಯುವವರಿಗೆ ಕೆಲವು ಸೂಚನೆಗಳು ಫಲಿಸುತ್ತವೆ. 1, 2ನೆಯ ಶತಮಾನಗಳ ಸಾಮಾನ್ಯ ಸೈನಿಕನಿಗೆ ಬಿಳಿ ಅಥವಾ ಬಣ್ಣ ಹಾಕದ ಉಣ್ಣೆಯ ಛಾಯೆಯೇ ಮೊದಲ ಆಯ್ಕೆ. ಮಾಸಿದ ಇಟ್ಟಿಗೆಗೆಂಪು ಎರಡನೆಯದು. ಉಜ್ಜ್ವಲವಾದ ಕಡುಗೆಂಪನ್ನು ಬಿಡುವುದು ಲೇಸು. ಗುಂಪಾಗಿ ನಿಲ್ಲಿಸುವ ಬೊಂಬೆಗಳಿಗೆ ಒಂದೇ ಬಣ್ಣದ ಬೇರೆಬೇರೆ ಛಾಯೆಗಳನ್ನು ಕೊಡಬೇಕು. ಉನ್ನತ ಕುಲದ ಟ್ರಿಬ್ಯೂನನ ಬಿಳಿ ಅಂಗಿಗೆ ನೇರಿಳೆ ಪಟ್ಟಿ ಉಚಿತ: ಸೆನೆಟಿನ ಮನೆತನದವನಿಗೆ ಅಗಲವಾದದ್ದು, ಉಳಿದವರಿಗೆ ಕಿರಿದಾದದ್ದು. ಸೇನಾನಿಯ ಹೊದಿಕೆಗೆ ಕೆಂಪು ಅಥವಾ ನೇರಿಳೆ ಸಲ್ಲುತ್ತದೆ. ನೀಲಿ ಅಂಗಿಯನ್ನು ವೆಜೀಷಿಯಸನು ಬೇಹಿನ ಹಡಗುಗಳವರಿಗೆ ಮಾತ್ರ ಹೇಳಿರುವುದರಿಂದ ಅದನ್ನು ಎಲ್ಲ ನಾವಿಕರಿಗೂ ಹಂಚಬಾರದು.

ಪಾಠದಲ್ಲಿ ಇಂಥ ಬೊಂಬೆಯನ್ನು ಬಳಸುವ ಅಧ್ಯಾಪಕರು ಅದರ ಪೀಠದ ಮೇಲೆ ಕಾಲ, ಪ್ರಾಂತ, ಬಣ್ಣದ ಆಧಾರ ಇವುಗಳನ್ನು ಒಂದು ಸಾಲಿನಲ್ಲಿ ಬರೆದಿಡುವುದು ಉತ್ತಮ. 'ಈಜಿಪ್ತ್, 138, ಪಪೈರಸ್ ಲೆಕ್ಕ' ಎಂಬ ಸಾಲನ್ನು ಓದಿದ ವಿದ್ಯಾರ್ಥಿಯು ಮುಂದೆ ಕಾಣುವ ಕೆಂಪು ಬೊಂಬೆಯನ್ನೂ ಅದರ ಆಧಾರವೇನೆಂದು ಕೇಳುವನು. ಆ ಪ್ರಶ್ನೆಯನ್ನು ಹುಟ್ಟಿಸುವುದೇ ಇತಿಹಾಸ ಬೋಧನೆಯ ಮುಖ್ಯ ಪ್ರಯೋಜನ.