ಶ್ರೀಲಂಕಾಕ್ಕೆ ‘ಸೀಸನ್’ ಒಂದಲ್ಲ, ಎರಡು

ತುಮಕೂರಿನ ನನ್ನ ಭಾವಮೈದುನನಿಗೆ ರಿಯಾಯಿತಿ ಎಂದರೆ ಪ್ರಾಣ. ಒಂದು ವರ್ಷ ಕ್ರಿಸ್‌ಮಸ್ ರಜೆಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಶ್ರೀಲಂಕಾಕ್ಕೆ ಹೊರಟ. ಟ್ರಿಂಕೋಮಲಿ ಹತ್ತಿರದ ನಿಲಾವೆಲಿಯಲ್ಲಿ, ಕಡಲಿಗೆ ಮುಖ ಮಾಡಿದ ರೆಸಾರ್ಟ್‌ನಲ್ಲಿ ಅರ್ಧ ಬೆಲೆಗೆ ಐದು ರಾತ್ರಿ ಸಿಕ್ಕಿತೆಂದು ಬೀಗುತ್ತಿದ್ದ. ಮೂರನೇ ದಿನ ಅಲ್ಲಿಂದ ಫೋನು. ಅವನ ದನಿಗಿಂತ ಮಳೆಯ ಸದ್ದೇ ಜೋರಾಗಿತ್ತು. ಈಜುಕೊಳದ ಪಕ್ಕದ ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಹಗ್ಗ ಕಟ್ಟಿದ್ದಾರಂತೆ. ಕಡಲು ಹಾಲು ಕಮ್ಮಿಯಾದ ಚಹಾದ ಬಣ್ಣಕ್ಕೆ ತಿರುಗಿದೆಯಂತೆ. ಹವಳದ ದಿಬ್ಬ ನೋಡಲು ಪಾರಿವಾಳ ದ್ವೀಪಕ್ಕೆ ಕರೆದೊಯ್ಯುವ ದೋಣಿಗಳು ಮರಳಿನ ಮೇಲೆ ಬೋರಲು ಬಿದ್ದಿವೆಯಂತೆ.

“ಅಲ್ಲ ಭಾವ, ಡಿಸೆಂಬರ್ ಅಂದ್ರೆ ಇಲ್ಲಿ ಸೀಸನ್ನು ಅಂತ ಎಲ್ಲಾ ಕಡೆ ಬರೆದಿದ್ದಾರಲ್ಲ?”

ಬರೆದಿರುವುದೇನೋ ನಿಜ. ಬರೆದವರು ಗಾಲೆಯ ಕಡಲು ನೋಡಿ ಬರೆದದ್ದು. ಇವನು ಹೋಗಿ ಕೂತದ್ದು ದ್ವೀಪದ ಇನ್ನೊಂದು ಮಗ್ಗುಲಲ್ಲಿ.

“ಇಷ್ಟು ಪುಟ್ಟ ದ್ವೀಪ, ಎಲ್ಲಾ ಕಡೆ ಒಂದೇ ಹವೆ”

ಶ್ರೀಲಂಕಾದ ವಿಸ್ತೀರ್ಣ 65,610 ಚದರ ಕಿಲೋಮೀಟರ್. ಕರ್ನಾಟಕದ ಮೂರನೇ ಒಂದು ಪಾಲು. ಇಷ್ಟಗಲಕ್ಕೆ ಎರಡೆರಡು ಮಳೆಗಾಲವೇ ಎಂದು ಮೂಗು ಮುರಿಯುವವರು ಆಗುಂಬೆಯನ್ನೂ ಚಳ್ಳಕೆರೆಯನ್ನೂ ಒಟ್ಟಿಗೆ ನೆನೆದುಕೊಳ್ಳಬೇಕು. ಜುಲೈ ತಿಂಗಳಲ್ಲಿ ಅಲ್ಲಿ ಕೊಡೆ ಮಡಿಸಲು ಪುರಸೊತ್ತಿಲ್ಲ, ಇಲ್ಲಿ ರೈತ ಮುಗಿಲು ನೋಡುತ್ತ ಕೂತಿರುತ್ತಾನೆ. ನಮ್ಮಲ್ಲಿ ಘಟ್ಟ ಮಾಡುವ ಕೆಲಸವನ್ನು ಲಂಕೆಯಲ್ಲಿ ದ್ವೀಪದ ನಡುವಿನ ಗುಡ್ಡಸಾಲು ಮಾಡುತ್ತದೆ. ಅದರ ತುತ್ತತುದಿ ಪಿದುರುತಲಾಗಲ, 2,524 ಮೀಟರ್.

ಮುಂಗಾರು, ಹಿಂಗಾರು ಎಂಬ ಎರಡು ಮಾತು ನಮ್ಮ ಬಾಯಲ್ಲೇ ಇವೆ. ಲಂಕೆಯ ಪ್ರವಾಸಕ್ಕೆ ಅವೆರಡು ಸಾಕು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿ ನೈಋತ್ಯದಿಂದ ಬಂದು ಕೊಲಂಬೊ, ಬೆಂತೋಟ, ಗಾಲೆ, ಮಿರಿಸ್ಸಾ ಕಡೆಯ ಗುಡ್ಡಗಳಿಗೆ ಬಡಿದು ಅಲ್ಲೇ ಮಳೆ ಇಳಿಸುತ್ತದೆ. ಗುಡ್ಡ ದಾಟಿ ಪೂರ್ವಕ್ಕೆ ಇಳಿಯುವ ಹೊತ್ತಿಗೆ ಅದು ಒಣಗಾಳಿ. ಮಟ್ಟಕ್ಕಳಪ್ಪು ಕಡೆಯ ತಮಿಳರು ಅದನ್ನು ಕಚ್ಚಾನ್ ಎನ್ನುತ್ತಾರೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಎಲ್ಲವೂ ತಿರುವುಮುರುವು: ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ಹಿಂಗಾರಿಗೆ ಪೂರ್ವ ಮತ್ತು ಉತ್ತರ ತೋಯುತ್ತವೆ, ಪಶ್ಚಿಮ ಮತ್ತು ದಕ್ಷಿಣ ಕರಾವಳಿಗೆ ಬಿಸಿಲು ಬೀಳುತ್ತದೆ. ಟ್ರಿಂಕೋಮಲಿಯಲ್ಲಿ ಡಿಸೆಂಬರ್ ಒಂದೇ ತಿಂಗಳ ಸರಾಸರಿ ಮಳೆ 300 ಮಿಲಿಮೀಟರ್ ದಾಟುತ್ತದೆ. ಅದೇ ಊರಿನ ಜೂನ್ ತಿಂಗಳಲ್ಲಿ 30 ಮುಟ್ಟುವುದೂ ಕಷ್ಟ. ನಮ್ಮ ಹುಡುಗ ಅರ್ಧ ಬೆಲೆ ಯಾಕೆಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಸಿಂಹಳದ ರೈತರ ಲೆಕ್ಕದಲ್ಲೂ ಬೆಳೆಗಾಲ ಎರಡು: ಮುಂಗಾರಿನದು ‘ಯಲ’, ಹಿಂಗಾರಿನದು ‘ಮಹ’. ದೊಡ್ಡದೆಂಬ ಹೆಸರು ಹಿಂಗಾರಿಗೆ ಹೋಗಿರುವುದನ್ನು ಗಮನಿಸಿ. ದ್ವೀಪದ ಬಹುಪಾಲು ಒಣ ಸೀಮೆ, ಅದಕ್ಕೆ ಕೆರೆ ತುಂಬುವ ಮಳೆ ಬರುವುದು ಆಗಲೇ. ಮೀನುಗಾರರಂತೂ ಈ ಲೆಕ್ಕವನ್ನು ದೋಣಿಯಲ್ಲೇ ಹೊತ್ತು ತಿರುಗುತ್ತಾರೆ. ಪಶ್ಚಿಮದ ಕಡಲು ಕೆರಳಿದಾಗ ನೆಗೊಂಬೊ ಕಡೆಯ ಎಷ್ಟೋ ಕುಟುಂಬಗಳು ಪೂರ್ವ ದಂಡೆಗೆ ಹೋಗಿ ತಾತ್ಕಾಲಿಕ ಗುಡಿಸಲು ಹಾಕಿಕೊಂಡು ಮೀನು ಹಿಡಿದು, ಗಾಳಿ ತಿರುಗಿದಾಗ ಊರಿಗೆ ಮರಳುವುದು ಹಳೆಯ ರೂಢಿ. ಅಲೆ ಸವಾರಿಗೆ ಬರುವ ವಿದೇಶಿ ಹುಡುಗರೂ ಹಾಗೇ ಮಾಡುತ್ತಾರೆ: ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹಿಕ್ಕಡುವ, ವೆಲಿಗಮ, ಆಮೇಲೆ ಹಲಗೆ ಹೊತ್ತುಕೊಂಡು ಪೂರ್ವದ ಅರುಗಮ್ ಬೇ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಜುಲೈನಲ್ಲಿ ಕ್ಯಾಂಡಿಯಿಂದ ಬದುಲ್ಲಕ್ಕೆ ಹೋಗುವ ರೈಲು ಹತ್ತಬೇಕು. ಪಟ್ಟಿಪೊಲ ನಿಲ್ದಾಣ ಸಮುದ್ರಮಟ್ಟದಿಂದ 1,891 ಮೀಟರ್ ಎತ್ತರದಲ್ಲಿದೆ. ಅಲ್ಲಿವರೆಗೆ ಕಿಟಕಿಯ ಗಾಜಿನ ಮೇಲೆ ನೀರು ಹರಿಯುತ್ತಿರುತ್ತದೆ, ಮಂಜಿನೊಳಗೆ ಚಹಾ ಗಿಡಗಳು ಕರಿ ಮುದ್ದೆಗಳಂತೆ ಕಾಣುತ್ತವೆ, ಬಾಗಿಲಲ್ಲಿ ಕೂತವರು ಜಾಕೆಟ್ಟಿನ ಜಿಪ್ ಏರಿಸಿರುತ್ತಾರೆ. ಅಲ್ಲಿಂದ ಮುಂದೆ ಓಹಿಯ ಕಡೆಗೆ ಒಂದು ಸುರಂಗ. ಒಳಗೆ ಹೋದ ರೈಲು ಆ ತುದಿಯಲ್ಲಿ ಹೊರಬಿದ್ದರೆ ಬಿಸಿಲು! ದಿನಾ ಹೀಗೇ ಆಗುತ್ತದೆಂದಲ್ಲ. ಆಗುವ ದಿನ ಮಾತ್ರ ಇಡೀ ಡಬ್ಬಿಯಲ್ಲಿ ಒಂದು ಉದ್ಗಾರ ಏಳುತ್ತದೆ. ಆ ಕಡೆಯ ಊವಾ ಸೀಮೆಯ ಚಹಾಕ್ಕೆ ಒಳ್ಳೆಯ ಘಮ ಬರುವುದು ಒಣಗಾಳಿ ಬೀಸುವ ಜುಲೈ–ಸೆಪ್ಟೆಂಬರ್‌ನಲ್ಲಿ. ಈ ಕಡೆಯ ಡಿಂಬುಲ ಚಹಾಕ್ಕೆ ಜನವರಿ–ಮಾರ್ಚ್‌ನಲ್ಲಿ.

“ಮಳೆಗಾಲದಲ್ಲಿ ಹೋದರೆ ರೂಮಲ್ಲೇ ಬಂದಿ”

ಈ ಭಯ ನಾವು ಮಂಗಳೂರಿನಿಂದ ಕಟ್ಟಿಕೊಂಡು ಹೋಗುವ ಬುತ್ತಿ. ಮಂಗಳೂರಿನ ಜುಲೈ ಎಂದರೆ ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ. ಕೊಲಂಬೊದ ಜುಲೈ ಸರಾಸರಿ ಸುಮಾರು 120. ಆಗಸ್ಟ್‌ನದೂ ಅಷ್ಟೇ. ಒಂದು ಹೊಡೆತ ಸುರಿದು, ರಸ್ತೆ ತೊಳೆದು, ಗಂಟೆಯೊಳಗೆ ಬಿಸಿಲು ಬರುವ ದಿನಗಳೇ ಹೆಚ್ಚು. ಅಲ್ಲಿ ನಿಜವಾಗಿ ಜಡಿಯುವುದು ಮುಂಗಾರು ಕಾಲಿಡುವ ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್–ನವೆಂಬರ್‌ನಲ್ಲಿ. ಆಗ ತಿಂಗಳಿಗೆ 300 ಮಿಲಿಮೀಟರ್ ದಾಟುತ್ತದೆ.

ಭಯಪಡಬೇಕಾದ್ದು ಕಡಲಿಗೆ. ಆಕಾಶ ನೀಲಿಯಾಗಿದ್ದರೂ ಮೇ–ಸೆಪ್ಟೆಂಬರ್‌ನಲ್ಲಿ ನೈಋತ್ಯ ದಂಡೆಯ ಅಲೆ ಒರಟು, ಒಳಸೆಳೆತ ಬಲವಾದದ್ದು. ಮರಳಿನಲ್ಲಿ ಕೆಂಪು ಬಾವುಟ ನೆಟ್ಟಿದ್ದರೆ ಅದು ಅಲಂಕಾರವಲ್ಲ. ಮಿರಿಸ್ಸಾದಿಂದ ನೀಲಿ ತಿಮಿಂಗಿಲ ನೋಡಲು ದೋಣಿ ಹೋಗುವ ಒಳ್ಳೆಯ ಕಾಲ ನವೆಂಬರ್‌ನಿಂದ ಏಪ್ರಿಲ್. ಕೋಟೆ, ಗುಡಿ, ವಸ್ತುಸಂಗ್ರಹಾಲಯ, ಊಟ ಸಾಕು ಎನ್ನುವವರಿಗೆ ಜುಲೈ ಕೊಲಂಬೊ ಏನೂ ತೊಂದರೆ ಕೊಡುವುದಿಲ್ಲ. ಈಜಬೇಕು ಎನ್ನುವವರು ಪೂರ್ವಕ್ಕೆ ಹೋಗಲಿ.

“ನಮ್ಮ ರಜೆಯೇ ಅವರ ಸೀಸನ್”

ದಸರಾ ರಜೆಗೆ ಬೆಂಗಳೂರಿನಿಂದ ವಿಮಾನ ಹತ್ತುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ನಮ್ಮ ಚಿತ್ತೆ, ಸ್ವಾತಿ ಮಳೆಗಳ ಹೊತ್ತಿಗೆ ಲಂಕೆಯಲ್ಲಿ ಎರಡು ಮಾರುತಗಳ ನಡುವಿನ ಸಂಧಿಕಾಲ. ಗಾಳಿಗೆ ಗೊತ್ತಾದ ದಿಕ್ಕಿಲ್ಲ, ಮಧ್ಯಾಹ್ನವಾದರೆ ಗುಡುಗು, ಎರಡೂ ಮಗ್ಗುಲಿಗೂ ಮಳೆ. ವರ್ಷದಲ್ಲಿ ದ್ವೀಪದ ಯಾವ ಮೂಲೆಯನ್ನೂ ನಂಬುವಂತಿಲ್ಲದ ಹೊತ್ತು ಎಂದರೆ ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆ. ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲವೂ ಅದೇ. ಮಟ್ಟಕ್ಕಳಪ್ಪನ್ನು ನೆಲಸಮ ಮಾಡಿದ ಚಂಡಮಾರುತ ಬಂದದ್ದು 1978ರ ನವೆಂಬರ್‌ನಲ್ಲಿ. ಗುಡ್ಡ ಕುಸಿದು, ಊರುಗಳು ಮುಳುಗಿ ನೂರಾರು ಜೀವ ಹೋದ ‘ದಿತ್ವಾ’ 2025ರ ನವೆಂಬರ್ ಕೊನೆಯಲ್ಲಿ. ಮಕ್ಕಳ ರಜೆ ಬೇರೆ ಹೊತ್ತಿಗಿಲ್ಲ ಎನ್ನುವವರು ಆ ಒಂದು ವರ್ಷ ಮೈಸೂರಿನಲ್ಲೇ ದಸರಾ ನೋಡುವುದು ಲೇಸು.

ಬೇಸಿಗೆ ರಜೆ ವಾಸಿ. ಏಪ್ರಿಲ್ ಮೊದಲ ವಾರದಲ್ಲಿ ಎರಡೂ ಕಡಲು ಸಾಮಾನ್ಯವಾಗಿ ಶಾಂತ, ಬೆವರು ಮಾತ್ರ ಧಾರಾಕಾರ. ಆದರೆ ಏಪ್ರಿಲ್ 13–14ಕ್ಕೆ ಸಿಂಹಳ–ತಮಿಳು ಹೊಸ ವರ್ಷ. ಕೆಲಸದವರೆಲ್ಲ ಊರಿಗೆ ಹೋಗಿ, ಅಂಗಡಿ ಹೋಟೆಲ್ಲು ಮುಚ್ಚಿ, ಬಸ್ಸು ರೈಲು ಕಿಕ್ಕಿರಿಯುತ್ತವೆ. ಯುಗಾದಿಯ ದಿನ ಚಿಕ್ಕ ಊರೊಂದರಲ್ಲಿ ಮಧ್ಯಾಹ್ನದ ಊಟ ಹುಡುಕಿದವರಿಗೆ ಬಿಡಿಸಿ ಹೇಳಬೇಕಿಲ್ಲ.

“ಸಮಭಾಜಕದ ಪಕ್ಕ, ಸ್ವೆಟರ್ ಯಾತಕ್ಕೆ”

ಕೊಲಂಬೊಗೆ ಬೇಡ. ನುವಾರ ಎಲಿಯಕ್ಕೆ ಬೇಕು. ಜನವರಿ, ಫೆಬ್ರುವರಿಯ ಕೆಲವು ಬೆಳಗಿನ ಜಾವ ಅಲ್ಲಿ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಬೆಳ್ಳಗೆ ಕೂರುತ್ತದೆ. 2,243 ಮೀಟರ್ ಎತ್ತರದ ಶ್ರೀಪಾದ ಬೆಟ್ಟ ಹತ್ತುವವರಿಗೂ ಬೇಕು. ಅದರ ಯಾತ್ರೆಯ ಕಾಲ ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೆಸಾಕ್ ಹುಣ್ಣಿಮೆವರೆಗೆ. ಉಳಿದ ತಿಂಗಳಲ್ಲಿ ದಾರಿದೀಪವಿಲ್ಲ, ಚಹಾದಂಗಡಿಯಿಲ್ಲ. ಗಾಳಿ, ಮಳೆ, ಜಿಗಣೆ ಇವೆ.

“ಆಫ್ ಸೀಸನ್‌ನಲ್ಲಿ ನೋಡುವುದಕ್ಕೇನಿದೆ”

ಆನೆ ಇದೆ. ಕಬಿನಿ ಹಿನ್ನೀರಿಗೆ ಬೇಸಿಗೆಯಲ್ಲಿ ಹೋದವರಿಗೆ ಇದರ ಗುಟ್ಟು ಗೊತ್ತು: ನೀರು ಇಳಿದಂತೆ ಅಂಚಿನಲ್ಲಿ ಎಳೆಹುಲ್ಲು ಏಳುತ್ತದೆ, ಹುಲ್ಲಿಗೆ ಹಿಂಡು ಬರುತ್ತದೆ. ಮೂರನೇ ಶತಮಾನದ ರಾಜ ಮಹಾಸೇನ ಕಟ್ಟಿಸಿದ ಮಿನ್ನೇರಿಯ ಕೆರೆಯಲ್ಲಿ ನಡೆಯುವುದೂ ಅದೇ. ಆದರೆ ಅಲ್ಲಿ ಕೆರೆ ಬತ್ತುವುದು ಜುಲೈಯಿಂದ ಸೆಪ್ಟೆಂಬರ್‌ವರೆಗೆ, ನಾವು ಇಲ್ಲಿ ಕೊಡೆ ಹಿಡಿದಿರುವಾಗ. ಒಳ್ಳೆಯ ವರ್ಷದಲ್ಲಿ 200–300 ಆನೆಗಳು ಆ ಬಯಲಿನಲ್ಲಿ ಸೇರುತ್ತವೆ. ಮರಿಗಳು ತಾಯಂದಿರ ಕಾಲ ಸಂದಿನಲ್ಲಿ ನಿಂತು, ಇನ್ನೂ ಸರಿಯಾಗಿ ಮಾತು ಕೇಳದ ಸೊಂಡಿಲಿನಿಂದ ಹುಲ್ಲು ಕೀಳಲು ಹೆಣಗುತ್ತಿರುತ್ತವೆ. ಕೆರೆಯಲ್ಲಿ ನೀರು ಹೆಚ್ಚು ನಿಂತ ವರ್ಷ ಹಿಂಡು ಪಕ್ಕದ ಕೌಡುಲ್ಲ ಕೆರೆಯ ಕಡೆ ತಿರುಗುವುದುಂಟು. ಜೀಪಿನವರಿಗೆ ಆವತ್ತಿನ ಸುದ್ದಿ ಗೊತ್ತಿರುತ್ತದೆ, ಮೊದಲೇ ಕೇಳಿ ಹೊರಡಬೇಕು.

ಕ್ಯಾಂಡಿಯ ದಂತಧಾತು ದೇಗುಲದ ಎಸಲ ಪೆರಹೆರ ಮೆರವಣಿಗೆಯೂ ಜುಲೈ–ಆಗಸ್ಟ್‌ನದೇ. ಚಾಂದ್ರಮಾನದ ಹಬ್ಬವಾದ್ದರಿಂದ ತಾರೀಖು ವರ್ಷ ವರ್ಷ ಜರುಗುತ್ತದೆ, ಆ ವಾರ ರೂಮಿನ ಬಾಡಿಗೆ ಗಗನಕ್ಕೇರುತ್ತದೆ. ‘ಆಫ್ ಸೀಸನ್’ ಎಂದರೆ ಅಗ್ಗ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು. ಅಂದಹಾಗೆ, ವರ್ಷದ ಯಾವ ತಿಂಗಳಲ್ಲಿ ಹೋದರೂ ಹುಣ್ಣಿಮೆ ಎಂದೆಂದು ನೋಡಿಕೊಳ್ಳಿ. ಪ್ರತಿ ಹುಣ್ಣಿಮೆ ಅಲ್ಲಿ ಪೋಯ, ಸರ್ಕಾರಿ ರಜೆ. ಅಂದು ಮದ್ಯ ಮಾರುವಂತಿಲ್ಲ. ಗುಂಪಿನಲ್ಲಿ ಇದೊಂದೇ ಮಾಹಿತಿಯನ್ನು ಬರೆದಿಟ್ಟುಕೊಳ್ಳುವವರು ಯಾರೆಂದು ನಿಮಗೆ ಗೊತ್ತಿರುತ್ತದೆ.

ಭಾವಮೈದುನ ಮೊನ್ನೆ ಮತ್ತೆ ಫೋನು ಮಾಡಿದ್ದ. ಈ ಸಲ ಆಗಸ್ಟ್‌ಗೆ ಹೊರಟಿದ್ದಾನೆ: ಮೊದಲು ಮಿನ್ನೇರಿಯ, ಆಮೇಲೆ ನಿಲಾವೆಲಿ. ಛಲ ಬಿಡದೆ ಅದೇ ರೆಸಾರ್ಟ್‌ನಲ್ಲಿ ಅದೇ ರೂಮು ಕೇಳಿದನಂತೆ.

“ರಿಯಾಯಿತಿ ಎಷ್ಟು ಕೊಟ್ಟರೋ?”

“ರೂಮು ಸಿಕ್ಕಿದ್ದೇ ಹೆಚ್ಚು ಭಾವ” ಅಂದ.